32 ಕ್ಯಾಪ್, 5 ಕ್ಯಾಪ್, ಸೊನ್ನೆ ಕ್ಯಾಪ್: ವೇಲ್ಸ್ ರಗ್ಬಿ ಹುಡುಗರ ಲೆಕ್ಕ ಯಾಕಿಷ್ಟು ಗೋಜಲು?

2025ರ ನವೆಂಬರ್ 29. ಕಾರ್ಡಿಫ್‌ನ ಪ್ರಿನ್ಸಿಪಾಲಿಟಿ ಸ್ಟೇಡಿಯಂ. ಸೌತ್ ಆಫ್ರಿಕಾ 73, ವೇಲ್ಸ್ 0. ಟೈಪಿಂಗ್ ತಪ್ಪಲ್ಲ, ಸೊನ್ನೆನೇ. ಆವತ್ತು ವೇಲ್ಸ್ ತಂಡದಲ್ಲಿ 13 ಜನ ಆಟಗಾರರು ಇರ್ಲಿಲ್ಲ, ಯಾಕಂದ್ರೆ ಅವರು ಸಂಬಳ ತಗೊಳ್ಳೋದು ಇಂಗ್ಲೆಂಡ್, ಫ್ರಾನ್ಸ್ ಕ್ಲಬ್‌ಗಳಿಂದ, ಆ ಕ್ಲಬ್‌ಗಳು ಬಿಟ್ಟುಕೊಡ್ಲಿಲ್ಲ, ಬಿಡಬೇಕು ಅಂತ ರೂಲೂ ಇರ್ಲಿಲ್ಲ. ಆ ಪಟ್ಟಿಯಲ್ಲಿದ್ದ ದೊಡ್ಡ ಹೆಸರು ಲೂಯಿ ರೀಸ್-ಝ್ಯಾಮಿಟ್. ಹೌದು, ರಗ್ಬಿ ಬಿಟ್ಟು ಅಮೆರಿಕಾಗೆ ಹೋಗಿ ಎನ್‌ಎಫ್‌ಎಲ್, ಅಂದ್ರೆ ಅಲ್ಲಿನ ಅಮೆರಿಕನ್ ಫುಟ್‌ಬಾಲ್ ಲೀಗ್‌ನಲ್ಲಿ, ಒಂದು ಕೈ ನೋಡಿ ವಾಪಸ್ ಬಂದ ಅದೇ ಹುಡುಗ.

ಇಲ್ಲಿ ಜನರಿಗೆ ತಲೆಕೆಡೋ ವಿಷಯಗಳು ಒಂದೆರಡಲ್ಲ. ವಾಪಸ್ ಬಂದವನು ವೇಲ್ಸ್ ಕ್ಲಬ್‌ಗೆ ಬರದೆ ಇಂಗ್ಲೆಂಡಿನ ಬ್ರಿಸ್ಟಲ್‌ಗೆ ಯಾಕೆ ಹೋದ? ಹೋದ್ರೂ ವೇಲ್ಸ್ ಪರ ಹೇಗೆ ಆಡ್ತಿದ್ದಾನೆ, ಇನ್ನೊಬ್ಬ ಹುಡುಗ ಇಂಗ್ಲೆಂಡ್‌ಗೆ ಹೋದಾಗ ಅವನನ್ನ ಎರಡು ವರ್ಷ ಹೊರಗೆ ಕೂರಿಸಿದ್ರಲ್ಲ? ಕಾರ್ಡಿಫ್‌ನಲ್ಲೇ ಹುಟ್ಟಿದ ಮತ್ತೊಬ್ಬ ಇಂಗ್ಲೆಂಡ್ ಜರ್ಸಿ ಹಾಕ್ಕೊಂಡು ಓಡ್ತಿದ್ದಾನಲ್ಲ, ಅದು ಹೇಗೆ? ಇದೆಲ್ಲದರ ಮಧ್ಯೆ ಅಲ್ಲಿನ ಬೋರ್ಡ್ ಇರೋ ನಾಲ್ಕು ಪ್ರೊಫೆಷನಲ್ ತಂಡಗಳಲ್ಲಿ ಒಂದನ್ನ ಮುಚ್ತೀವಿ ಅಂತಿದೆ. ಬಿಡಿಬಿಡಿಯಾಗಿ ನೋಡಿದ್ರೆ ನಾಲ್ಕು ಬೇರೆ ಬೇರೆ ಸುದ್ದಿ, ಆದ್ರೆ ಒಂದೇ ದಾರಕ್ಕೆ ಪೋಣಿಸಿದ್ದು. ಒಂದು ಕಡೆ ಆಟಗಾರನಿಗೆ ಊರಲ್ಲೇ ಇರಪ್ಪಾ ಅಂತಾರೆ, ಇನ್ನೊಂದು ಕಡೆ ಊರಲ್ಲಿರೋ ಕೆಲಸನೇ ಕಮ್ಮಿ ಮಾಡ್ತಿದ್ದಾರೆ.

ಮೊದ್ಲು ಝ್ಯಾಮಿಟ್ ಕಥೆ

2001ರಲ್ಲಿ ಕಾರ್ಡಿಫ್ ಪಕ್ಕದ ಪೆನಾರ್ತ್‌ನಲ್ಲಿ ಹುಟ್ಟಿದವನು, ಅಪ್ಪನ ಕಡೆ ಮೂಲ ಮಾಲ್ಟಾ ದ್ವೀಪ, ಝ್ಯಾಮಿಟ್ ಅನ್ನೋ ಹೆಸರು ಅಲ್ಲಿಂದ ಬಂದದ್ದು. ಹದಿಹರೆಯದಲ್ಲೇ ಗಡಿ ದಾಟಿ ಇಂಗ್ಲೆಂಡಿನ ಹಾರ್ಟ್‌ಪ್ಯುರಿ ಕಾಲೇಜ್ ಸೇರಿದ. ಆ ಕಾಲೇಜಿಗೂ ಗ್ಲಾಸ್ಟರ್ ಕ್ಲಬ್‌ಗೂ ನಂಟಿದೆ, ಓದೋಕೆ ಬಂದ ಹುಡುಗರು ಹಾಗೇ ಕ್ಲಬ್ ಒಳಗೆ ಜಾರ್ತಾರೆ, ಇವನೂ ಹಾಗೇ. 18ನೇ ವಯಸ್ಸಿಗೆ ಇಂಗ್ಲಿಷ್ ಪ್ರೀಮಿಯರ್‌ಶಿಪ್ ಆಡಿದ, 2020ರ ಅಕ್ಟೋಬರ್‌ನಲ್ಲಿ ಫ್ರಾನ್ಸ್ ವಿರುದ್ಧ ವೇಲ್ಸ್‌ಗೆ ಮೊದಲ ಮ್ಯಾಚ್. ಮುಂದಿನ ವರ್ಷ ಸಿಕ್ಸ್ ನೇಷನ್ಸ್‌ನಲ್ಲಿ (ಯುರೋಪಿನ ಆರು ದೇಶಗಳು ಪ್ರತಿ ವರ್ಷ ಆಡೋ ಟೂರ್ನಿ) ನಾಲ್ಕು ಟ್ರೈ ಹೊಡೆದ, ವೇಲ್ಸ್ ಚಾಂಪಿಯನ್ ಆಯ್ತು. (ಟ್ರೈ ಅಂದ್ರೆ ಚೆಂಡನ್ನ ಎದುರಾಳಿಯ ಗೆರೆ ದಾಟಿಸಿ ನೆಲಕ್ಕೆ ಒತ್ತೋದು.) ಅದೇ ವರ್ಷ ಬ್ರಿಟಿಷ್ ಅಂಡ್ ಐರಿಷ್ ಲಯನ್ಸ್ ಜೊತೆ ಸೌತ್ ಆಫ್ರಿಕಾ ಟೂರ್, ಆ ತಂಡದಲ್ಲಿ ಎಲ್ಲರಿಗಿಂತ ಚಿಕ್ಕವನು. ಈ ಲಯನ್ಸ್ ಅಂದ್ರೆ ನಾಲ್ಕು ವರ್ಷಕ್ಕೊಮ್ಮೆ ಇಂಗ್ಲೆಂಡ್, ವೇಲ್ಸ್, ಸ್ಕಾಟ್‌ಲೆಂಡ್, ಐರ್ಲೆಂಡ್ ನಾಲ್ಕೂ ಸೇರಿ ಮಾಡೋ ತಂಡ, ಅಲ್ಲಿನ ರಗ್ಬಿ ಆಟಗಾರನಿಗೆ ಅದಕ್ಕಿಂತ ದೊಡ್ಡ ಮರ್ಯಾದೆ ಇಲ್ಲ.

2023ರ ವರ್ಲ್ಡ್ ಕಪ್‌ನಲ್ಲಿ ಐದು ಟ್ರೈ, ಅದರಲ್ಲಿ ಜಾರ್ಜಿಯಾ ಮೇಲೆ ಮೂರು. ಒಟ್ಟು 32 ಕ್ಯಾಪ್, 14 ಟ್ರೈ, ವಯಸ್ಸು ಇನ್ನೂ 22. (ಕ್ಯಾಪ್ ಅಂದ್ರೆ ದೇಶದ ಪರ ಒಂದು ಮ್ಯಾಚ್ ಅಂತ ಇಟ್ಕೊಳ್ಳಿ, ಈ ಲೇಖನ ಪೂರ್ತಿ ಆ ಪದದ ಸುತ್ತಲೇ ತಿರುಗುತ್ತೆ.)

ಅಲ್ಲಿಂದ ಮೂರು ತಿಂಗಳಿಗೆ, 2024ರ ಜನವರಿ 16ಕ್ಕೆ, ವೇಲ್ಸ್ ಕೋಚ್ ವಾರನ್ ಗ್ಯಾಟ್‌ಲೆಂಡ್ ಸಿಕ್ಸ್ ನೇಷನ್ಸ್ ತಂಡ ಅನೌನ್ಸ್ ಮಾಡೋ ದಿನವೇ ಇವನು ನಾನು ರಗ್ಬಿ ಬಿಟ್ಟೆ, ಅಮೆರಿಕನ್ ಫುಟ್‌ಬಾಲ್ ಆಡ್ತೀನಿ ಅಂದ.

ಅಮೆರಿಕಾದಲ್ಲಿ ಏನಾಯ್ತು

ಬೇರೆ ಆಟ ಆಡಿಕೊಂಡು ಬಂದ ವಿದೇಶಿಗಳಿಗೆ ಅಂತ ಎನ್‌ಎಫ್‌ಎಲ್ 2017ರಿಂದ ಒಂದು ಟ್ರೈನಿಂಗ್ ಯೋಜನೆ ನಡೆಸ್ತಿದೆ, ಇಂಟರ್‌ನ್ಯಾಷನಲ್ ಪ್ಲೇಯರ್ ಪಾತ್‌ವೇ ಅಂತ. ಆಸ್ಟ್ರೇಲಿಯಾದ ಜೋರ್ಡನ್ ಮೈಲಾಟಾ ಇದೇ ದಾರಿಯಲ್ಲಿ ಬಂದು ಸೂಪರ್ ಬೌಲ್, ಅಂದ್ರೆ ಆ ಲೀಗ್‌ನ ಫೈನಲ್, ಗೆದ್ದ ತಂಡದಲ್ಲಿದ್ದಾನೆ. ಅಂಥವನು ಒಬ್ಬ ಆದ್ರೆ ಏನೂ ಆಗದೆ ಮನೆಗೆ ಹೋದವರು ತುಂಬಾ ಜನ.

ಝ್ಯಾಮಿಟ್‌ನ ಕ್ಯಾನ್ಸಾಸ್ ಸಿಟಿ ಚೀಫ್ಸ್ ತಗೊಂಡ್ರು, 2024ರ ಆಗಸ್ಟ್‌ನಲ್ಲಿ ಬಿಟ್ರು, ಜ್ಯಾಕ್ಸನ್‌ವಿಲ್ ಜಾಗ್ವಾರ್ಸ್ ಪ್ರ್ಯಾಕ್ಟೀಸ್ ಸ್ಕ್ವಾಡ್‌ಗೆ ಹಾಕ್ಕೊಂಡ್ರು. ಪ್ರ್ಯಾಕ್ಟೀಸ್ ಸ್ಕ್ವಾಡ್ ಅಂದ್ರೆ ವಾರ ಪೂರ್ತಿ ಬೆವರು ಸುರಿಸ್ಬೇಕು, ಮ್ಯಾಚ್ ದಿನ ಕರೆದ್ರೆ ಉಂಟು ಇಲ್ದಿದ್ರೆ ಇಲ್ಲ. ಕೊನೆಗೂ ರೆಗ್ಯುಲರ್ ಸೀಸನ್‌ನ ಒಂದೇ ಒಂದು ಮ್ಯಾಚ್ ಆಡ್ಲಿಲ್ಲ. 2025ರ ಜುಲೈ ಕೊನೆಗೆ ಅಮೆರಿಕಾ ಸಾಕು ಅಂದ, ಆಗಸ್ಟ್‌ನಲ್ಲಿ ಬ್ರಿಸ್ಟಲ್ ಬೇರ್ಸ್ ಸೇರಿದ.

ಸುಮ್ನೆ ಹಾಳಾದ ಅಂತ ಬಹಳ ಜನ ಬರೆದ್ರು. ಆದ್ರೆ ಲೆಕ್ಕ ನೋಡಿ. 2024ರಲ್ಲಿ ಪ್ರ್ಯಾಕ್ಟೀಸ್ ಸ್ಕ್ವಾಡ್‌ನಲ್ಲಿ ಸುಮ್ನೆ ಇದ್ರೂ ವಾರಕ್ಕೆ ಕನಿಷ್ಠ 12,500 ಡಾಲರ್, 18 ವಾರದ ಸೀಸನ್‌ಗೆ 2,25,000 ಡಾಲರ್. ಆಡದೇ ಇದ್ದವನಿಗೆ! ಅದೇ ಹೊತ್ತಿಗೆ ವೇಲ್ಸ್‌ನಲ್ಲಿ ಒಂದಿಡೀ ತಂಡಕ್ಕೆ ಆಟಗಾರರ ಬಜೆಟ್ ವರ್ಷಕ್ಕೆ 45 ಲಕ್ಷ ಪೌಂಡ್, ಅದನ್ನ ನಲವತ್ತಕ್ಕೂ ಹೆಚ್ಚು ಜನರಿಗೆ ಹಂಚಬೇಕು. ಭಾಗಾಕಾರ ನೀವೇ ಮಾಡಿ ನೋಡಿ, ತಲೆಗೆ ಒಂದು ಲಕ್ಷ ಪೌಂಡಿನ ಆಸುಪಾಸು ನಿಲ್ಲುತ್ತೆ, ಅದೂ ಸರಾಸರಿ, ದೊಡ್ಡ ಹೆಸರಿನವರು ಹೆಚ್ಚು ತಗೊಂಡ್ರೆ ಕೆಳಗಿನವರಿಗೆ ಅಷ್ಟೇ ಕಮ್ಮಿ.

ಜೊತೆಗೆ ಈ ಆಟದ ಆಯುಸ್ಸು ಬೇರೆ ಚಿಕ್ಕದು. ವೇಲ್ಸ್ ಕ್ಯಾಪ್ಟನ್ ಆಗಿದ್ದ ಸ್ಯಾಮ್ ವಾರ್ಬರ್ಟನ್ 2018ರಲ್ಲಿ ಕುತ್ತಿಗೆ, ಮಂಡಿ ಕೈಕೊಟ್ಟು 29ಕ್ಕೇ ನಿಲ್ಲಿಸಿದ್ರು. ಅಲಿಕ್ಸ್ ಪೋಪಮ್‌ಗೆ ತಲೆಗೆ ಬಿದ್ದ ಪೆಟ್ಟುಗಳಿಂದ 40ನೇ ವಯಸ್ಸಿಗೆ ಡಿಮೆನ್ಷಿಯಾ ಶುರುವಾಗಿದೆ ಅಂತ ಗೊತ್ತಾದದ್ದು 2020ರಲ್ಲಿ. ದುಡಿಯೋಕೆ ಇರೋದೇ ಹತ್ತು ಹನ್ನೆರಡು ವರ್ಷ, ಅದೂ ದೇವ್ರ ದಯೆ ಇದ್ರೆ. ಹಾಗಿರುವಾಗ 22ರ ಹುಡುಗ ಬೇರೆ ಕಡೆ ಒಂದು ಕೈ ನೋಡಿದ್ರೆ ಅದು ದೇಶದ್ರೋಹ ಅನ್ನೋದು ಸ್ವಲ್ಪ ಜಾಸ್ತಿನೇ ಆಯ್ತು.

ಒಂದು ವಿಚಿತ್ರ ಇದೆ. ವೇಲ್ಸ್ ಮಧ್ಯೆ ಸತತ 18 ಟೆಸ್ಟ್ (ರಗ್ಬಿಯಲ್ಲಿ ಟೆಸ್ಟ್ ಅಂದ್ರೆ ದೇಶ ದೇಶಗಳ ನಡುವಿನ ಮ್ಯಾಚ್) ಸೋತಿತ್ತು, ಆ ಸಾಲಿನ ಮೊದಲ ಸೋಲು 2023ರ ಅಕ್ಟೋಬರ್‌ನಲ್ಲಿ ಅರ್ಜೆಂಟೀನಾ ವಿರುದ್ಧದ ಕ್ವಾರ್ಟರ್ ಫೈನಲ್, ಅದು ಇವನು ಹೋಗೋಕೆ ಮುಂಚೆ ಆಡಿದ ಕೊನೆಯ ಟೆಸ್ಟ್. ಸಾಲು ಮುರಿದದ್ದು 2025ರ ಜುಲೈ 12ಕ್ಕೆ ಜಪಾನಿನ ಕೋಬೆಯಲ್ಲಿ, ಇವನು ವಾಪಸ್ ಬರೋಕೆ ಕೆಲವೇ ವಾರ ಮುಂಚೆ. ಇವನು ಇದ್ದಿದ್ರೆ ಗೆಲ್ತಿದ್ರು ಅಂತ ಇದರರ್ಥ ಅಲ್ಲ. ಒಬ್ಬ ವಿಂಗರ್, ಅಂದ್ರೆ ಮೈದಾನದ ಅಂಚಲ್ಲಿ ಓಡೋ ಆಟಗಾರ, ಅಷ್ಟೆಲ್ಲ ಮಾಡೋಕಾಗಲ್ಲ.

25 ಕ್ಯಾಪ್ ರೂಲ್ ಅಂದ್ರೆ ಏನು

ನಮಗೆ ಕ್ರಿಕೆಟ್ ಗೊತ್ತಿರೋದ್ರಿಂದ ಅಲ್ಲಿಂದಲೇ ಶುರು ಮಾಡೋಣ. ಬಿಸಿಸಿಐ ಕೈಯಲ್ಲಿ ಎಲ್ಲಾ ಇದೆ, ಆಡ್ತಿರೋ ಭಾರತದ ಪುರುಷ ಕ್ರಿಕೆಟಿಗ ಹೊರದೇಶದ ಟಿ20 ಲೀಗ್‌ಗೆ ಹೋಗೋ ಹಾಗಿಲ್ಲ, ಹೋಗೋ ಅಗತ್ಯವೂ ಇಲ್ಲ, ಐಪಿಎಲ್ ದುಡ್ಡು ಮನೆಯಲ್ಲೇ ಇದೆ. ಕಟ್ಟುನಿಟ್ಟು ನಡೆಯೋದು ದುಡ್ಡು ಇದ್ದಾಗ. ವೇಲ್ಸ್ ಬೋರ್ಡ್ ಅಂದ್ರೆ ವೆಲ್ಷ್ ರಗ್ಬಿ ಯೂನಿಯನ್, ಅದಕ್ಕೂ ಅಂಥದ್ದೇ ಹಿಡಿತ ಬೇಕು, ಆದ್ರೆ ಜೇಬು ಆ ಗಾತ್ರದ್ದಲ್ಲ. ಇಡೀ ವೇಲ್ಸ್ ಜನಸಂಖ್ಯೆನೇ 31 ಲಕ್ಷದ ಹತ್ತಿರ.

ಅದಕ್ಕೆ ಯೂನಿಯನ್ ಹಣದ ಬದಲು ಜರ್ಸಿನ ಹಗ್ಗ ಮಾಡ್ಕೊಂಡಿತು. 2017ರಲ್ಲಿ ಒಂದು ರೂಲ್ ತಂದ್ರು: ವೇಲ್ಸ್‌ನ ನಾಲ್ಕು ತಂಡಗಳನ್ನ ಬಿಟ್ಟು ಹೊರಗೆ ಆಡೋಕೆ ಹೋದ್ರೆ, 60 ಕ್ಯಾಪ್ ಆಗಿದ್ರೆ ಮಾತ್ರ ದೇಶದ ತಂಡಕ್ಕೆ ಪರಿಗಣಿಸ್ತೀವಿ. 60 ಅಂದ್ರೆ ಸುಮಾರು ಆರೇಳು ವರ್ಷದ ಸೇವೆ. ರೂಲ್ ಜೊತೆಗೆ ರಿಯಾಯಿತಿಗಳೂ ಇದ್ವು, ಝ್ಯಾಮಿಟ್ ಗ್ಲಾಸ್ಟರ್‌ನಲ್ಲಿದ್ದುಕೊಂಡೇ ಆಡಿದ್ದು ಹಾಗೆ, ಯಾಕಂದ್ರೆ ಅವನು ಕ್ಯಾಪ್ ಸಿಗೋಕೆ ಮುಂಚೆನೇ ಅಲ್ಲಿದ್ದವನು.

2023ರ ಫೆಬ್ರವರಿಯಲ್ಲಿ ಇದು ಸಿಡೀತು. ಸೀಸನ್ ಮುಗಿಯೋಕೆ ಕೆಲವೇ ತಿಂಗಳು ಬಾಕಿ, ಯೂನಿಯನ್ ಮತ್ತು ತಂಡಗಳ ಮಧ್ಯೆ ಹಣಕಾಸಿನ ಒಪ್ಪಂದ ಆಗದೆ ಎಷ್ಟೋ ಆಟಗಾರರ ಕೈಯಲ್ಲಿ ಮುಂದಿನ ವರ್ಷದ ಕಾಂಟ್ರ್ಯಾಕ್ಟ್ ಇಲ್ಲ. ಇಲ್ಲಿ ಕಾಂಟ್ರ್ಯಾಕ್ಟ್ ಕೊಡಲ್ಲ, ಹೊರಗೆ ಹೋದ್ರೆ ದೇಶಕ್ಕೆ ಆಡಿಸಲ್ಲ, ಹಾಗಾದ್ರೆ ನಾವೇನ್ ಮಾಡ್ಬೇಕು ಅಂತ ಕೇಳಿ, ಇಂಗ್ಲೆಂಡ್ ವಿರುದ್ಧದ ಮ್ಯಾಚೇ ಆಡಲ್ಲ ಅಂತ ಸ್ಟ್ರೈಕ್ ಬೆದರಿಕೆ ಹಾಕಿದ್ರು. ಮ್ಯಾಚ್‌ಗೆ ಮೂರು ದಿನ ಇರುವಾಗ ರಾಜಿ ಆಯ್ತು. ಮ್ಯಾಚ್ 20-10ರಲ್ಲಿ ಸೋತ್ರು, ಆದ್ರೆ 60 ಇದ್ದದ್ದು 25ಕ್ಕೆ ಇಳೀತು.

ಈಗ ಮೊದಲ ಪ್ರಶ್ನೆಗೆ ಉತ್ತರ ಸಿಕ್ತು. ಅಮೆರಿಕಾದಿಂದ ಬಂದ ಝ್ಯಾಮಿಟ್ ಹತ್ರ 32 ಕ್ಯಾಪ್ ಇತ್ತು, 25 ದಾಟಿದೆ, ಜಗತ್ತಿನ ಯಾವ ಮೂಲೆಯ ಕ್ಲಬ್‌ಗೆ ಬೇಕಾದ್ರೂ ಆಡ್ಬಹುದು. ಬ್ರಿಸ್ಟಲ್ ಅಂತೂ ಸೆವರ್ನ್ ಸೇತುವೆ ದಾಟಿದ್ರೆ ಸಿಗುತ್ತೆ, ಕಾರ್ಡಿಫ್‌ನಿಂದ ರೈಲಲ್ಲಿ ಒಂದು ಗಂಟೆನೂ ಇಲ್ಲ. 2018ರವರೆಗೆ ಆ ಸೇತುವೆಗೆ ಟೋಲ್ ಇತ್ತು, ಅದೂ ವೇಲ್ಸ್ ಒಳಗೆ ಬರೋರಿಗೆ ಮಾತ್ರ, ಹೊರಗೆ ಹೋಗೋರಿಗೆ ಫ್ರೀ. ರಗ್ಬಿ ಯೂನಿಯನ್ ಪಾಲಿಗೆ ಇದಕ್ಕಿಂತ ಒಳ್ಳೆ ವ್ಯಂಗ್ಯಚಿತ್ರ ಯಾರೂ ಬರೆಯೋಕಾಗಲ್ಲ.

5 ಕ್ಯಾಪ್‌ನವನು, ಸೊನ್ನೆ ಕ್ಯಾಪ್‌ನವನು

ರೂಲ್ 25ಕ್ಕೆ ಇಳಿದದ್ದು ಸೀನಿಯರ್‌ಗಳಿಗೆ ಅನುಕೂಲ ಆಯ್ತು, ಏಟು ಬಿದ್ದದ್ದು ಆಗಷ್ಟೇ ಕಣ್ಣು ಬಿಡ್ತಿದ್ದವರಿಗೆ. ಜೋ ಹಾಕಿನ್ಸ್ ಅಂತ ಒಬ್ಬ ಸೆಂಟರ್ (ಮೈದಾನದ ಮಧ್ಯಭಾಗದಲ್ಲಿ ಆಡೋನು), ವೇಲ್ಸ್‌ನ ನಾಲ್ಕು ತಂಡಗಳಲ್ಲಿ ಒಂದಾದ ಆಸ್ಪ್ರೇಸ್‌ನವನು. 2022ರ ಕೊನೆಗೆ ವೇಲ್ಸ್ ತಂಡಕ್ಕೆ ಬಂದ, ಐದು ಮ್ಯಾಚ್ ಆಡಿದ, ಭವಿಷ್ಯ ಇದೆ ಅಂತ ಎಲ್ಲರೂ ಹೊಗಳಿದ್ರು. ಕಾಂಟ್ರ್ಯಾಕ್ಟ್ ಗೊಂದಲ ನಡೀತಿದ್ದ ಅದೇ 2023ರಲ್ಲಿ ಇಂಗ್ಲೆಂಡಿನ ಎಕ್ಸಿಟರ್‌ಗೆ ಹೋದ. ಐದು ಅನ್ನೋದು 25ಕ್ಕಿಂತ ಕಮ್ಮಿ, ಬಾಗಿಲು ಬಂದ್. ಆ ವರ್ಷದ ವರ್ಲ್ಡ್ ಕಪ್ ಹೋಯ್ತು, ಮುಂದಿನ ಎರಡು ಸಿಕ್ಸ್ ನೇಷನ್ಸ್ ಹೋಯ್ತು, 2025ರಲ್ಲಿ ವೇಲ್ಸ್‌ನ ಸ್ಕಾರ್ಲೆಟ್ಸ್ ಸೇರಿದ ಮೇಲೆ ದೇಶದ ತಂಡಕ್ಕೂ ವಾಪಸ್ ಕರೆ ಬಂತು. ವೇಲ್ಸ್ ಸೋತು ಸೋತು ಸುಣ್ಣ ಆಗ್ತಿದ್ದ ಆ ಎರಡು ವರ್ಷ ಇವನು ಗಡಿಯಾಚೆ ಪ್ರತಿ ವಾರ ಆಡ್ತಿದ್ದ ಅನ್ನೋದು ಗಮನಿಸಬೇಕಾದ್ದು.

ಇನ್ನು ಸೊನ್ನೆ ಕ್ಯಾಪ್‌ನವನು. ಇಮ್ಯಾನುಯೆಲ್ ಫೇಯಿ-ವಬೊಸೊ, ಕಾರ್ಡಿಫ್‌ನಲ್ಲಿ ಹುಟ್ಟಿ ಬೆಳೆದವನು, ಮೆಡಿಕಲ್ ಓದೋಕೆ ಇಂಗ್ಲೆಂಡ್‌ಗೆ ಹೋದ, ಅಲ್ಲೇ ವಾಸ್ಪ್ಸ್ ಕ್ಲಬ್ ಸೇರಿದ, ಅದು 2022ರಲ್ಲಿ ದಿವಾಳಿ ಆಯ್ತು, ಎಕ್ಸಿಟರ್‌ಗೆ ಬಂದ, ಓದೂ ಅಲ್ಲೇ ಆಟನೂ ಅಲ್ಲೇ. ಇವನಿಗೆ ವೇಲ್ಸ್, ಇಂಗ್ಲೆಂಡ್ ಎರಡಕ್ಕೂ ಆಡೋ ಅರ್ಹತೆ ಇತ್ತು. ವೇಲ್ಸ್ ಆರಿಸಿಕೊಂಡ್ರೆ ಎಕ್ಸಿಟರ್ ಕಾಂಟ್ರ್ಯಾಕ್ಟ್ ಮುಗಿದ ಮೇಲೆ 25 ಕ್ಯಾಪ್ ರೂಲಿನ ತಲೆನೋವು, ಊರಿಗೆ ಬಾ ಅಂತಾರೆ, ಡಾಕ್ಟರ್ ಓದು ಮಧ್ಯದಲ್ಲಿ ಬಿಟ್ಟು ಬರೋಕಾಗುತ್ತಾ? ಇಂಗ್ಲೆಂಡ್ ಆರಿಸಿಕೊಂಡ್ರೆ ಎಲ್ಲೂ ಕದಲೋದೇ ಬೇಡ. 2024ರ ಜನವರಿಯಲ್ಲಿ ಇಂಗ್ಲೆಂಡ್ ಅಂದ, ಫೆಬ್ರವರಿಯಲ್ಲಿ ಆಡೇಬಿಟ್ಟ. ಝ್ಯಾಮಿಟ್ ಬಿಟ್ಟು ಹೋದ ತಿಂಗಳೇ ಇದೂ ಆದದ್ದು. ಒಂದೇ ತಿಂಗಳಲ್ಲಿ ಕಾರ್ಡಿಫ್ ಸೀಮೆಯ ಇಬ್ಬರು ವಿಂಗರ್‌ಗಳು ಕೈಬಿಟ್ಟು ಹೋದ್ರು.

ಇದರ ಹಿಂದೆ ಇನ್ನೊಂದು ಸೆಳೆತ ಇದೆ, ಜಾಸ್ತಿ ಜನ ಮಾತಾಡಲ್ಲ. ಇಂಗ್ಲೆಂಡ್‌ಗೆ ಆಡೋ ಅರ್ಹತೆ ಇರೋ ಆಟಗಾರರನ್ನ ಹೆಚ್ಚಾಗಿ ಇಳಿಸಿದ್ರೆ ಅಲ್ಲಿನ ಕ್ಲಬ್‌ಗಳಿಗೆ ಅಲ್ಲಿನ ಬೋರ್ಡ್ ದುಡ್ಡು ಕೊಡುತ್ತೆ. ಅಂದ್ರೆ ಅಜ್ಜಿ ಇಂಗ್ಲಿಷ್ ಆಗಿರೋ ವೆಲ್ಷ್ ಹುಡುಗ ವೇಲ್ಸ್‌ಗೆ ಆಡದೆ ಇದ್ದಷ್ಟು ದಿನ ಕ್ಲಬ್‌ಗೆ ಲಾಭ, ವೇಲ್ಸ್‌ಗೆ ಒಂದು ಸಲ ಆಡಿದ್ರೆ ಆ ಲೆಕ್ಕದಿಂದ ಹೊರಗೆ. ವೇಲ್ಸ್ ರೂಲ್ ಈ ಕಡೆಯಿಂದ ತಳ್ಳುತ್ತೆ, ಇಂಗ್ಲೆಂಡ್ ದುಡ್ಡು ಆ ಕಡೆಯಿಂದ ಎಳೆಯುತ್ತೆ, ಮಧ್ಯದಲ್ಲಿರೋ 19ರ ಹುಡುಗ ಎತ್ತ ಬೀಳ್ತಾನೆ ಅಂತ ಹೇಳೋಕೆ ಪಂಚಾಂಗ ಬೇಕಾಗಿಲ್ಲ.

ಊರಲ್ಲಿ ದುಡ್ಡು ಯಾಕಿಲ್ಲ

ಸ್ವಲ್ಪ ಹಿಂದಕ್ಕೆ ಹೋಗ್ಬೇಕು. 1995ರ ಆಗಸ್ಟ್‌ವರೆಗೆ ರಗ್ಬಿ ಯೂನಿಯನ್ ಆಟಕ್ಕೆ ಸಂಬಳನೇ ಇರ್ಲಿಲ್ಲ. ಕಲ್ಲಿದ್ದಲು ಗಣಿ, ಸ್ಟೀಲ್ ಫ್ಯಾಕ್ಟರಿ, ಸ್ಕೂಲ್ ಕೆಲಸ ಮುಗಿಸಿ ಆಡೋರು. ದುಡ್ಡು ಬೇಕಂದ್ರೆ ಇಂಗ್ಲೆಂಡಿನ ಉತ್ತರ ಭಾಗಕ್ಕೆ ಹೋಗಿ ರಗ್ಬಿ ಲೀಗ್ ಅನ್ನೋ ಇನ್ನೊಂದು ಬಗೆಯ ಆಟ ಆಡ್ಬೇಕಿತ್ತು, ಹೋದವರಿಗೆ ಯೂನಿಯನ್ ಆಟದಿಂದ ಬಹಿಷ್ಕಾರ. 1989ರಲ್ಲಿ ಜೊನಾಥನ್ ಡೇವಿಸ್ ಹಾಗೆ ವಿಡ್ನೆಸ್‌ಗೆ ಹೋದಾಗ ವೇಲ್ಸ್ ಪೂರ್ತಿ ಹೊಟ್ಟೆ ಉರ್ಕೊಂಡಿತ್ತು, ಆಟ ಪ್ರೊಫೆಷನಲ್ ಆದ ಮೇಲೆ 1995ರಲ್ಲಿ ಅವರು ಕಾರ್ಡಿಫ್‌ಗೆ ವಾಪಸ್ ಬಂದ್ರು. ಅಂದ್ರೆ ದುಡ್ಡಿಗಾಗಿ ಹೋಗೋದು, ಹೋದವನ ಮೇಲೆ ಊರು ಮುನಿಸಿಕೊಳ್ಳೋದು ಇವತ್ತಿನ ರೋಗ ಅಲ್ಲ.

ಸಂಬಳ ಶುರುವಾದ ಮೇಲೆ ಊರೂರಿನ ಕ್ಲಬ್‌ಗಳಿಗೆ ಅದನ್ನ ತೂಗಿಸೋಕೆ ಆಗ್ಲಿಲ್ಲ. 2003ರಲ್ಲಿ ಒಂಬತ್ತು ಕ್ಲಬ್‌ಗಳನ್ನ ಐದು ಪ್ರಾದೇಶಿಕ ತಂಡ ಮಾಡಿದ್ರು, ಅಲ್ಲಿ ರೀಜನ್ ಅಂತಾರೆ. ಅದರಲ್ಲಿ ಪಾಂಟಿಪ್ರಿಡ್, ಬ್ರಿಜೆಂಡ್ ಸೇರಿಸಿ ಮಾಡಿದ್ದ ಸೆಲ್ಟಿಕ್ ವಾರಿಯರ್ಸ್ ಒಂದೇ ಸೀಸನ್‌ಗೆ ಮುಚ್ಚೋಯ್ತು. ಉಳಿದದ್ದು ಕಾರ್ಡಿಫ್, ಡ್ರ್ಯಾಗನ್ಸ್, ಆಸ್ಪ್ರೇಸ್, ಸ್ಕಾರ್ಲೆಟ್ಸ್. ಗಣಿಗಳಿರೋ ಕಣಿವೆ ಊರುಗಳ ಜನ ನಮ್ಮ ತಂಡ ಅಂತ ಕೂಗೋಕೆ ಏನೂ ಇಲ್ದೆ ಹೋಯ್ತು, ಅವರು ಪಕ್ಕದ ಊರಿನ ರೀಜನ್‌ಗೆ ಬರಲೂ ಇಲ್ಲ. ದೇಶದ ಮ್ಯಾಚ್ ಅಂದ್ರೆ 74,000ದ ಹತ್ತಿರ ಜನ ಹಿಡಿಸೋ ಸ್ಟೇಡಿಯಂ ತುಂಬುತ್ತೆ, ರೀಜನ್ ಮ್ಯಾಚ್‌ಗೆ ಅದರಲ್ಲಿ ಸಣ್ಣದೊಂದು ಪಾಲು.

ಹೀಗಾಗಿ ದುಡ್ಡು ಹುಟ್ಟೋದು ಯೂನಿಯನ್ ಹತ್ರ, ಖರ್ಚಾಗೋದು ರೀಜನ್ ಹತ್ರ. ರೀಜನ್ ಮಾಲೀಕರು ನೀವು ನಮ್ಮ ಆಟಗಾರರನ್ನ ತಗೊಂಡು ಸ್ಟೇಡಿಯಂ ತುಂಬಿಸ್ತೀರಿ, ನಮಗೆ ಚಿಲ್ಲರೆ ಕೊಡ್ತೀರಿ ಅಂತಾರೆ. ಯೂನಿಯನ್ ಇರೋದೇ ಇಷ್ಟು ಅನ್ನುತ್ತೆ. ಕೋವಿಡ್ ಕಾಲದ ಸಾಲ ಮೇಲೆ ಕೂತಿತು. 2023-24ರಲ್ಲಿ ಒಂದು ತಂಡದ ಆಟಗಾರರ ಬಜೆಟ್ 52 ಲಕ್ಷ ಪೌಂಡ್, ಮರುವರ್ಷ 45 ಲಕ್ಷ. ಅದೇ ವರ್ಷ ಇಂಗ್ಲೆಂಡ್ ಕ್ಲಬ್‌ಗಳ ಸಂಬಳದ ಮಿತಿ 64 ಲಕ್ಷಕ್ಕೆ ಏರ್ತು. ಇವೆರಡು ಅಂಕಿ ಪಕ್ಕಪಕ್ಕ ಇಟ್ರೆ ಸಾಕು, ಅರ್ಧ ಸುದ್ದಿ ಅಲ್ಲೇ ಅರ್ಥ ಆಗುತ್ತೆ.

2025ರ ಏಪ್ರಿಲ್‌ನಲ್ಲಿ ಕಾರ್ಡಿಫ್ ತಂಡವೇ ದಿವಾಳಿ ಪ್ರಕ್ರಿಯೆಗೆ ಬಂತು, ಯೂನಿಯನ್ ಅದನ್ನ ತಾನೇ ಕೊಂಡ್ಕೊಳ್ತು. ಇದು ಹೊಸ ಜಗಳಕ್ಕೆ ದಾರಿ. ಹಣ ಹಂಚೋನೇ ಒಂದು ತಂಡದ ಮಾಲೀಕ ಆದ್ರೆ ಉಳಿದವರಿಗೆ ನ್ಯಾಯ ಹೇಗೆ ಅಂತ ಪಶ್ಚಿಮದ ಆಸ್ಪ್ರೇಸ್ ಮತ್ತು ಸ್ಕಾರ್ಲೆಟ್ಸ್ ಹೊಸ ಒಪ್ಪಂದಕ್ಕೆ ಸಹಿ ಹಾಕ್ಲಿಲ್ಲ, ಕಾರ್ಡಿಫ್ ಮತ್ತು ಡ್ರ್ಯಾಗನ್ಸ್ ಹಾಕಿದ್ವು. ಯೂನಿಯನ್ ಹಳೇ ಒಪ್ಪಂದಕ್ಕೆ ಎರಡು ವರ್ಷದ ನೋಟಿಸ್ ಕೊಡ್ತು.

ನಾಲ್ಕು ಮೂರಾದ್ರೆ ಯಾರಿಗೆ ಏನು

2025ರ ಆಗಸ್ಟ್‌ನಲ್ಲಿ ಯೂನಿಯನ್ ಎರಡೇ ತಂಡ ಸಾಕು ಅಂತ ಪ್ರಸ್ತಾಪ ಇಟ್ತು, ಗಲಾಟೆ ಜೋರಾಯ್ತು, ಅಕ್ಟೋಬರ್ 24ಕ್ಕೆ ಮೂರಕ್ಕೆ ಬಂದು ನಿಲ್ತು. ಕಾರ್ಡಿಫ್‌ಗೆ ಒಂದು, ಪೂರ್ವಕ್ಕೆ ಒಂದು, ಪಶ್ಚಿಮಕ್ಕೆ ಒಂದು. ಪೂರ್ವದಲ್ಲಿರೋದು ಡ್ರ್ಯಾಗನ್ಸ್ ಮಾತ್ರ, ಹಾಗಾಗಿ ಕತ್ತಿ ತೂಗ್ತಿರೋದು ಪಶ್ಚಿಮದ ಎರಡರ ಮೇಲೆ.

ಯೂನಿಯನ್ ವಾದ ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನೋದು. ನಾಲ್ಕು ಬಡ ತಂಡಗಳಿಗಿಂತ ಮೂರು ಗಟ್ಟಿ ತಂಡ ಇದ್ರೆ ಒಬ್ಬೊಬ್ಬರಿಗೆ ಹೆಚ್ಚು ದುಡ್ಡು, ಒಳ್ಳೆ ಆಟಗಾರರು ಒಂದೇ ಕಡೆ, ಗೆದ್ರೆ ಜನ ಬರ್ತಾರೆ. ಸ್ಕಾಟ್‌ಲೆಂಡ್ ಎರಡೇ ತಂಡ ಇಟ್ಕೊಂಡು ಬದುಕಿದೆ ಅನ್ನೋದು ಉದಾಹರಣೆ. ಐರ್ಲೆಂಡ್‌ನಲ್ಲಿ ನಾಲ್ಕಿದ್ರೂ ದೊಡ್ಡ ಆಟಗಾರರ ಸಂಬಳ ನೇರ ಬೋರ್ಡೇ ಕೊಡುತ್ತೆ. ವೇಲ್ಸ್ ಕೂಡ 2014ರಲ್ಲಿ ಸ್ಯಾಮ್ ವಾರ್ಬರ್ಟನ್‌ಗೆ ಅಂಥ ಕಾಂಟ್ರ್ಯಾಕ್ಟ್ ಕೊಟ್ಟಿತ್ತು, ಅದು ಒಂದೇ ಹೆಸರಿಗೆ ನಿಂತೋಯ್ತು.

ಪಶ್ಚಿಮದವರ ಸಿಟ್ಟಿಗೂ ಅರ್ಥ ಇದೆ. ಆಸ್ಪ್ರೇಸ್ ನಾಲ್ಕು ಸಲ ಲೀಗ್ ಗೆದ್ದ ತಂಡ, ಜಗತ್ತಲ್ಲೇ ಹೆಚ್ಚು ಟೆಸ್ಟ್ ಆಡಿದ ಆಲನ್ ವಿನ್ ಜೋನ್ಸ್ ಅಲ್ಲಿಯವರು. ಸ್ಕಾರ್ಲೆಟ್ಸ್ ಹಿಂದಿರೋ ಲನೆಥ್ಲಿ ಊರು 1972ರಲ್ಲಿ ನ್ಯೂಜಿಲೆಂಡನ್ನ 9-3ರಲ್ಲಿ ಸೋಲಿಸಿದ್ದನ್ನ ಇವತ್ತಿಗೂ ಹಬ್ಬದ ಥರ ನೆನೆಸುತ್ತೆ, ವೆಲ್ಷ್ ಭಾಷೆ ಇನ್ನೂ ಬೀದಿಯಲ್ಲಿ ಕೇಳೋ ಸೀಮೆ ಅದು. ಅಲ್ಲಿ ತಂಡ ಮುಚ್ಚಿದ್ರೆ 2004ರಲ್ಲಿ ಪಾಂಟಿಪ್ರಿಡ್ ಕಡೆ ಆದದ್ದೇ ಮತ್ತೆ ಆಗುತ್ತೆ, ಜನ ಪಕ್ಕದ ತಂಡಕ್ಕೆ ಹೋಗಲ್ಲ, ರಗ್ಬಿನೇ ಬಿಡ್ತಾರೆ ಅಂತಾರೆ. ಇದರಲ್ಲಿ ಬರೀ ಭಾವನೆ ಇಲ್ಲ, ಒಂದು ಸಲ ಕಣ್ಣಾರೆ ಕಂಡದ್ದು.

2026ರ ಜನವರಿಯಲ್ಲಿ ಇನ್ನೊಂದು ತಿರುವು. ಕಾರ್ಡಿಫ್ ತಂಡವನ್ನ ಮಾರೋಕೆ ಯೂನಿಯನ್ ಆರಿಸಿದ್ದು ಯಾರನ್ನ ಗೊತ್ತಾ? ಆಸ್ಪ್ರೇಸ್ ಮಾಲೀಕರಾದ ವೈ11 ಕಂಪನಿನ. ತಮ್ಮ ಮಾಲೀಕ ಪಕ್ಕದ ಮನೆ ಕೊಂಡ್ಕೊಳ್ಳೋಕೆ ಹೊರಟ್ರೆ ನಮ್ಮ ಮನೆ ಗತಿ ಏನು ಅಂತ ಆಸ್ಪ್ರೇಸ್ ಅಭಿಮಾನಿಗಳು ಕೇಳಿದ್ರು, ಆಸ್ಪ್ರೇಸ್ ಊರಾದ ಸ್ವಾನ್ಸಿಯ ಕೌನ್ಸಿಲ್ ಕಾನೂನು ಹೋರಾಟಕ್ಕೆ ಇಳೀತು.

ಆಟಗಾರನ ಕಡೆಯಿಂದ ನೋಡಿದ್ರೆ ವಿಷಯ ಇನ್ನೂ ಸರಳ. ಒಂದು ತಂಡ ಹೋದ್ರೆ ನಲವತ್ತಕ್ಕೂ ಹೆಚ್ಚು ಕೆಲಸ ಹೋದ ಹಾಗೆ. ಟಾಪ್‌ನಲ್ಲಿರೋ ಹತ್ತು ಜನರಿಗೆ ಉಳಿದ ತಂಡಗಳಲ್ಲಿ ಜಾಗ ಸಿಗುತ್ತೆ, ಬಹುಶಃ ಹೆಚ್ಚು ಸಂಬಳವೂ ಸಿಗುತ್ತೆ. 19-22ರ ಹುಡುಗರಿಗೆ ಮಾತ್ರ ಬೆಂಚಲ್ಲಿ ಕೂರೋಕೂ ಜಾಗ ಇಲ್ಲ, ಅವರು ಗಡಿ ದಾಟ್ಲೇಬೇಕು, ದಾಟಿದ್ರೆ 25 ಕ್ಯಾಪ್ ಇಲ್ಲ. ತಂಡ ಕಮ್ಮಿ ಮಾಡೋ ಪ್ಲಾನೂ ಕ್ಯಾಪ್ ರೂಲೂ ಒಟ್ಟಿಗೆ ನಡೆಯೋದು ಕಷ್ಟ, ಒಂದನ್ನ ಇಟ್ಕೊಂಡ್ರೆ ಇನ್ನೊಂದನ್ನ ಬಿಡಬೇಕು. ಈ ಮಾತನ್ನ ಯೂನಿಯನ್ ನೇರವಾಗಿ ಹೇಳಿದ್ದು ಕಾಣಲ್ಲ.

ರೂಲ್ ತೆಗೆದ್ರೆ?

ಸೌತ್ ಆಫ್ರಿಕಾ ಕೂಡ 30 ಕ್ಯಾಪ್ ರೂಲ್ ಇಟ್ಕೊಂಡಿತ್ತು, 2019ರಲ್ಲಿ ಕಿತ್ತು ಹಾಕ್ತು, ಆ ವರ್ಷವೂ 2023ರಲ್ಲೂ ವರ್ಲ್ಡ್ ಕಪ್ ಗೆಲ್ತು. ರೂಲ್ ಬೇಡ ಅನ್ನೋರು ಮೊದಲು ಹೇಳೋದು ಇದನ್ನೇ. ಎರಡನೇದು ವೇಲ್ಸ್‌ನದ್ದೇ ಇತಿಹಾಸ: 2005ರಲ್ಲಿ ಸಿಕ್ಸ್ ನೇಷನ್ಸ್‌ನ ಐದಕ್ಕೆ ಐದೂ ಗೆದ್ದಾಗ ಕ್ಯಾಪ್ಟನ್ ಆಗಿದ್ದ ಗರೆಥ್ ಥಾಮಸ್ ಆಡ್ತಿದ್ದದ್ದು ಫ್ರಾನ್ಸಿನ ತುಲೂಸ್‌ಗೆ. ಅವರು ಅಲ್ಲಿಗೆ ಹೋದದ್ದು ಯಾಕೆ? ಅವರ ಸೆಲ್ಟಿಕ್ ವಾರಿಯರ್ಸ್ ತಂಡ ಮುಚ್ಚಿದ್ದಕ್ಕೆ.

ಆದ್ರೆ ಸೌತ್ ಆಫ್ರಿಕಾ ಹೋಲಿಕೆ ಅಷ್ಟು ಸಲೀಸಲ್ಲ, ಅಲ್ಲಿ ಹತ್ತು ಜನ ಹೋದ್ರೆ ಹಿಂದೆ ನೂರು ಜನ ನಿಂತಿರ್ತಾರೆ, 31 ಲಕ್ಷದ ದೇಶದಲ್ಲಿ ಆ ಸಾಲು ಇಲ್ಲ. ರೂಲ್ ತೆಗೆದ್ರೆ ಒಳ್ಳೆಯವರೆಲ್ಲ ಹೊರಗೆ, ರೀಜನ್‌ಗಳು ಇನ್ನಷ್ಟು ಸೋಲ್ತವೆ, ಜನ ಇನ್ನಷ್ಟು ಕಮ್ಮಿ ಬರ್ತಾರೆ. ನ್ಯೂಜಿಲೆಂಡ್ ಇವತ್ತಿಗೂ ಹೊರಗೆ ಆಡೋರನ್ನ ತಗೊಳ್ಳಲ್ಲ, ಐರ್ಲೆಂಡ್ ಕೂಡ ಹೆಚ್ಚುಕಮ್ಮಿ ಹಾಗೇ.

ಜೊತೆಗೆ ನವೆಂಬರ್ 29ರ ಪಾಠ. ವರ್ಷದಲ್ಲಿ ಕೆಲವು ವಾರ ಮಾತ್ರ ಕ್ಲಬ್‌ಗಳು ಆಟಗಾರರನ್ನ ದೇಶಕ್ಕೆ ಬಿಡಲೇಬೇಕು ಅಂತ ಅಂತರರಾಷ್ಟ್ರೀಯ ನಿಯಮ ಇದೆ, ಆ ಶನಿವಾರ ಅದರ ಹೊರಗಿತ್ತು. ಹೊರಗಿದ್ರೂ ಯೂನಿಯನ್ ಮ್ಯಾಚ್ ಇಟ್ಕೊಂಡದ್ದು ಟಿಕೆಟ್ ದುಡ್ಡಿಗೆ. ಅಂದ್ರೆ ರೀಜನ್‌ಗೆ ಕೊಡೋಕೆ ದುಡ್ಡಿಲ್ಲ ಅಂತ ಹೆಚ್ಚುವರಿ ಮ್ಯಾಚ್, ರೀಜನ್‌ನಲ್ಲಿ ದುಡ್ಡಿಲ್ಲ ಅಂತ ಆಟಗಾರರು ಹೊರಗೆ, ಹೊರಗಿರೋದ್ರಿಂದ ಆ ಮ್ಯಾಚ್‌ಗೆ ಸಿಗಲ್ಲ, 73-0. ನಾಯಿ ತನ್ನ ಬಾಲ ತಾನೇ ಅಟ್ಟಿಸಿಕೊಂಡು ಹೋದ ಹಾಗೆ.

ಅದಕ್ಕೆ ಎರಡು ವಾರ ಮುಂಚೆ, ನವೆಂಬರ್ 15ರಂದು, ಇದಕ್ಕೆ ಉಲ್ಟಾ ಆಗಿತ್ತು. ಜಪಾನ್ ವಿರುದ್ಧ ಕೊನೇ ಕ್ಷಣದ ಪೆನಾಲ್ಟಿಯಲ್ಲಿ ವೇಲ್ಸ್ 24-23ರಲ್ಲಿ ಗೆಲ್ತು. ಒದ್ದದ್ದು ಜಾರೆಡ್ ಇವಾನ್ಸ್, ಇಂಗ್ಲೆಂಡಿನ ಹಾರ್ಲೆಕ್ವಿನ್ಸ್ ಆಟಗಾರ, 25 ಕ್ಯಾಪ್ ಆಗದಿದ್ರೂ ಆಡೋ ಅವಕಾಶ ಸಿಕ್ಕವನು. ಝ್ಯಾಮಿಟ್‌ದೂ ಒಂದು ಟ್ರೈ ಇತ್ತು. ಆ ಒಂದು ಪಾಯಿಂಟಿನ ಗೆಲುವಿಂದಲೇ ವೇಲ್ಸ್ ರ್ಯಾಂಕಿಂಗ್‌ನಲ್ಲಿ ಮೊದಲ 12ರೊಳಗೆ ಉಳಿದು 2027ರ ವರ್ಲ್ಡ್ ಕಪ್ ಡ್ರಾದಲ್ಲಿ ಎರಡನೇ ಸಾಲಿನಲ್ಲಿ ಕೂತದ್ದು.

ಇನ್ಮುಂದೆ

ಈ ಗೊಂದಲದ ಬೆಲೆ ಈಗಾಗ್ಲೇ ಕಟ್ತಿದ್ದಾರೆ. 2025ರ ಲಯನ್ಸ್ ಟೂರ್‌ಗೆ ವೇಲ್ಸ್‌ನಿಂದ ಆಯ್ಕೆ ಆದದ್ದು ಇಬ್ಬರೇ, ಜ್ಯಾಕ್ ಮಾರ್ಗನ್ ಮತ್ತು ಟೋಮೊಸ್ ವಿಲಿಯಮ್ಸ್, ವಿಲಿಯಮ್ಸ್ ಗಾಯವಾಗಿ ವಾಪಸ್ ಬಂದಮೇಲೆ ಮೊದಲ ಟೆಸ್ಟ್‌ಗೆ ಒಬ್ಬನೂ ವೆಲ್ಷ್ ಆಟಗಾರ ಇಲ್ಲ, 1896ರ ನಂತರ ಹಾಗಾದದ್ದು ಅದೇ ಮೊದಲು. ಮಾರ್ಗನ್ ಆಸ್ಪ್ರೇಸ್ ಹುಡುಗ, ಪಶ್ಚಿಮದ ಬ್ರಿನಾಮನ್ ಅನ್ನೋ ಸಣ್ಣ ಊರಿನವನು, 2025ರಲ್ಲಿ ದೇಶದ ಕ್ಯಾಪ್ಟನ್ ಆಗಿದ್ದವನು. ತಂಡ ಇರುತ್ತೋ ಇಲ್ವೋ ಅನ್ನೋ ಹೊತ್ತಲ್ಲಿ ಅವನೂ, ಇನ್ನೊಬ್ಬ ಕ್ಯಾಪ್ಟನ್ ಡೆವಿ ಲೇಕ್ ಕೂಡ, 2026-27ಕ್ಕೆ ಗ್ಲಾಸ್ಟರ್‌ಗೆ ಹೋಗೋಕೆ ಒಪ್ಕೊಂಡ್ರು. ಝ್ಯಾಮಿಟ್ ಬಿಟ್ಟು ಹೋಗಿದ್ದ ಅದೇ ಗ್ಲಾಸ್ಟರ್.

ಮುಂದಿನ ಒಂದೆರಡು ವರ್ಷಕ್ಕೆ ನೋಡ್ಬೇಕಾದ್ದು ಮೂರು ತಂಡಗಳ ಪ್ಲಾನ್ ಕೋರ್ಟು ಕಚೇರಿ ದಾಟಿ ಬರುತ್ತಾ ಅನ್ನೋದು, ಬಂದ್ರೆ 25 ಅನ್ನೋ ಅಂಕಿ ಇನ್ನೂ ಕೆಳಗೆ ಇಳಿಯುತ್ತಾ ಅನ್ನೋದು. ಇಳಿಯುತ್ತೆ ಅಂತಲೇ ನನ್ನ ಅಂದಾಜು, ಇಳಿಸದೆ ಬೇರೆ ದಾರಿ ಕಾಣಲ್ಲ.

ಅಷ್ಟರಲ್ಲಿ 2027ರ ಅಕ್ಟೋಬರ್ ಬರುತ್ತೆ, ಆಸ್ಟ್ರೇಲಿಯಾದಲ್ಲಿ ವರ್ಲ್ಡ್ ಕಪ್. ಡ್ರಾದಲ್ಲಿ ವೇಲ್ಸ್ ಬಿದ್ದಿರೋದು ಎಫ್ ಗುಂಪಿಗೆ, ಜೊತೆಗೆ ಟೋಂಗಾ, ಜಿಂಬಾಬ್ವೆ ಮತ್ತು ಇಂಗ್ಲೆಂಡ್. ಗಾಯ ಗೀಯ ಆಗದೆ ಇಬ್ಬರೂ ಆಯ್ಕೆ ಆದ್ರೆ ಒಂದು ಕಡೆ ವಿಂಗ್‌ನಲ್ಲಿ ರೀಸ್-ಝ್ಯಾಮಿಟ್ ಇರ್ತಾನೆ, ಎದುರು ಬಿಳಿ ಜರ್ಸಿಯಲ್ಲಿ ಫೇಯಿ-ವಬೊಸೊ. ಇಬ್ಬರ ಊರಿಗೂ ಮಧ್ಯೆ ಇರೋದು ನಾಲ್ಕೈದು ಮೈಲಿ.